ಬೀಳದ ಮನೆಗೆ ನಾನು ಬರೆದ ರಿಪೋರ್ಟ್

೨೦೧೮ರ ಜನವರಿಯಲ್ಲಿ ನನಗೆ ಅರವತ್ತೆರಡು ವರ್ಷ. ಕನ್ಸರ್ವೇಷನ್ ಆರ್ಕಿಟೆಕ್ಟ್ ಆಗಿ, ಅಂದರೆ ಹಳೆಯ ಕಟ್ಟಡಗಳನ್ನು ಅವುಗಳ ಮೂಲ ರೂಪದಲ್ಲೇ ಉಳಿಸಿಕೊಳ್ಳುವ ಕೆಲಸದಲ್ಲಿ, ಮೂವತ್ತಾರು ವರ್ಷ ಕಳೆದಿದ್ದೆ. ಆ ವರ್ಷ ಒಂದು ಸರ್ಕಾರಿ ಸಮಿತಿ ನನ್ನನ್ನು ಕನ್ಸಲ್ಟೆಂಟ್ ಆಗಿ ತೆಗೆದುಕೊಂಡಿತ್ತು. ಶಿವಾಜಿನಗರದಿಂದ ಹಲಸೂರು ದಾಟಿ ಇಂದಿರಾನಗರದ ಅಂಚಿನವರೆಗೆ ಉಳಿದಿರುವ ಹಳೆಯ ಮನೆಗಳನ್ನು ಅಳೆಯುವುದು, ನಕ್ಷೆ ಬರೆಯುವುದು, ಪ್ರತಿಯೊಂದರ ಸ್ಥಿತಿ ಹೇಗಿದೆ ಎಂದು ಕಂಡೀಷನ್ ರಿಪೋರ್ಟ್ ಕೊಡುವುದು ನನ್ನ ಪಾಲಿನ ಕೆಲಸ. ನಾನು ಹುಟ್ಟಿ ಬೆಳೆದ ಏರಿಯಾ. ಕಾನ್ವೆಂಟಿಗೆ ನಡೆದು ಹೋಗುವಾಗ ಕಾಂಪೌಂಡಿನಾಚೆ ಕಾಣುತ್ತಿದ್ದ ಬಂಗಲೆಗಳೆಲ್ಲ ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗಿದ್ದವು. ಉಳಿದಷ್ಟನ್ನಾದರೂ ಕಾಗದದ ಮೇಲೆ ಹಿಡಿದಿಡೋಣ ಎಂದು ಆಸೆಯಿಂದಲೇ ಒಪ್ಪಿಕೊಂಡೆ.

ಪಟ್ಟಿಯಲ್ಲಿ ಹತ್ತೊಂಬತ್ತನೆಯದು ಫ್ರೀಮೆನ್ ಲೈನಿನ ಮನೆ. ಹಲಸೂರು ಕೆರೆಯ ಪೂರ್ವಕ್ಕೆ, ಹಳೆ ಮದ್ರಾಸ್ ರಸ್ತೆಯಿಂದ ಒಳಗೆ ಹೋಗುವ ಒಂದು ಸಂದು. ಎರಡು ಪಕ್ಕದಲ್ಲೂ ಒಂದಕ್ಕೊಂದು ಒತ್ತಿಕೊಂಡ ಸಣ್ಣ ಮನೆಗಳು, ಕೊನೆಯಲ್ಲಿ ಥಟ್ಟನೆ ಒಂದು ಬಂಗಲೆ. ವಿಕ್ಟೋರಿಯಾ ರಾಣಿಯ ಕಾಲದ್ದು. ಕಿಟಕಿಗಳ ಮೇಲೆ ಮಂಕಿ ಟಾಪ್, ಅಂದರೆ ಬೆಂಗಳೂರಿನ ಹಳೆ ಬಂಗಲೆಗಳಿಗೇ ವಿಶಿಷ್ಟವಾದ, ಮರದ ಪಟ್ಟಿಗಳಿಂದ ಮಾಡಿದ ಚೂಪು ಟೊಪ್ಪಿಗೆ. ಹದಿನೆಂಟು ಇಂಚು ದಪ್ಪದ ಇಟ್ಟಿಗೆ ಗೋಡೆ, ಸುಣ್ಣದ ಗಾರೆ, ಹದಿನಾರು ಅಡಿ ಎತ್ತರದ ಹಾಲ್. ಸಾಹೇಬರು ಕಟ್ಟಿಸಿಕೊಂಡ ಇಂಥ ಮನೆಗಳನ್ನು ನೋಡಿದ್ದೆ. ಇದನ್ನು ಕಟ್ಟಿದವನು ಮುತ್ತಪ್ಪ ಮೇಸ್ತ್ರಿ. ಆತನ ಅಪ್ಪ ಹುಟ್ಟಿನಿಂದ ಗುಲಾಮ.

ಈ ಮಾತನ್ನು ನನಗೆ ಹೇಳಿದವರು ಮರಗತಮ್ಮ. ಮೇಸ್ತ್ರಿಯ ಮರಿಮಗಳು, ಎಪ್ಪತ್ತೆಂಟರ ಆಸುಪಾಸು, ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ಆಯಾ ಆಗಿದ್ದವರು. ನಾನು ಮೊದಲ ದಿನ ಟೇಪ್ ಹಿಡಿದುಕೊಂಡು ಹೋದಾಗ ವೆರಾಂಡದಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಅವರ ತಮ್ಮನ ಮಗ ಶೇಖರ, ಆಟೋ ಡ್ರೈವರ್, ನಲವತ್ತು ದಾಟಿದವನು.

"ಅತ್ತೆ, ಮೇಡಂ ಗೌರ್ಮೆಂಟಿಂದ ಬಂದವ್ರೆ. ಹುಷಾರಾಗಿ ಮಾತಾಡು" ಎಂದ.

"ಮೀಟರ್ ಹಾಕ್ದೆ ಆಟೋ ಓಡ್ಸೋನು ನಂಗೆ ಗೌರ್ಮೆಂಟ್ ಬಗ್ಗೆ ಹೇಳ್ಬೇಡ ಹೋಗೋ" ಎಂದು ಅವನನ್ನು ಗದರಿ, ನನ್ನ ಕಡೆ ತಿರುಗಿದರು. "ಅಳೀತೀಯಾ? ಅಳ್ಕೋ ಕಣ್ಣು. ಅಳೆದ್ರೆ ಗೋಡೆ ಏನು ಸವೆಯಲ್ವಲ್ಲ." 'ಕಣ್ಣು' ಎಂಬುದು ತಮಿಳಿನವರು ಅಕ್ಕರೆಯಿಂದ ಕರೆಯುವ ಮಾತು.

ಸರ್ವೆ ಮಾಡಲು ಮನೆಯವರ ಒಪ್ಪಿಗೆ ಬೇಕು. ನಾನು ಫಾರಂ ಚಾಚಿದೆ. ಮರಗತಮ್ಮ ಅದನ್ನು ಕೈಯಲ್ಲೂ ಮುಟ್ಟಲಿಲ್ಲ. "ರೇಷನ್ ಕಾರ್ಡಿಗೆ ಒತ್ತಿದೀವಿ, ಆಧಾರಿಗೆ ಹತ್ತೂ ಬೆರಳು ಕೊಟ್ಟಿದೀವಿ. ಈ ಮನೆ ವಿಷ್ಯಕ್ಕೆ ಮಾತ್ರ ಯಾರೂ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಂಗಿಲ್ಲ, ಸೈನ್ ಹಾಕಂಗಿಲ್ಲ. ಮೇಸ್ತ್ರಿ ಮಾತು."

ಆ ಮಾತಿನ ಹಿಂದಿನ ಕತೆ ಇದು. ತಮಿಳು ಸೀಮೆಯಲ್ಲಿ ಆಗ ಜಮೀನು ಮಾರಿದರೆ ಅದರಲ್ಲಿ ದುಡಿಯುವ ಆಳುಗಳೂ ಜೊತೆಗೇ ಮಾರಾಟವಾಗುತ್ತಿದ್ದರು. ಓದಲು ಬಾರದ ಕಾಗದದ ಮೇಲೆ ಯಾವನೋ ಅಜ್ಜ ಹೆಬ್ಬೆಟ್ಟು ಒತ್ತಿದ್ದಕ್ಕೆ ಅವನ ಮೊಮ್ಮಕ್ಕಳೂ ಆ ಜಮೀನಿನ ಸೊತ್ತು. ಕಂಪನಿ ಸರ್ಕಾರದ ಕಾನೂನು ಗುಲಾಮಗಿರಿಯನ್ನು ಮಾನ್ಯ ಮಾಡುವುದಿಲ್ಲ ಎಂದ ಮೇಲೂ ಎಷ್ಟೋ ವರ್ಷ ಯಾರೂ ಅವರನ್ನು ಬಿಡಲಿಲ್ಲ. ಕೊನೆಗೆ ಇಪ್ಪತ್ತೆರಡು ಕುಟುಂಬಗಳು ಸೈನ್ಯದ ಪಟಾಲಮ್ಮಿನ ಹಿಂದೆ ನಡೆದು ಬೆಂಗಳೂರಿನ ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, ಬಂದವು. ಇಟ್ಟಿಗೆ ಸುಟ್ಟರು, ಸುಣ್ಣ ಅರೆದರು, ಬಂಗಲೆಗಳ ಗೋಡೆ ಎಬ್ಬಿಸಿದರು. ಮುತ್ತಪ್ಪ ಮೇಸ್ತ್ರಿಯಾದ. ಸಾಹೇಬರಿಗೆ ಕಟ್ಟಿದಂಥದ್ದೇ ಮನೆಯನ್ನು ತನ್ನವರಿಗೂ ಕಟ್ಟಿದ. ಹಿಂದಿನ ಎರಡು ಕೋಣೆಗಳಲ್ಲಿ ಅವನ ಸಂಸಾರ. ಮುಂದಿನ ಹಾಲ್, ವೆರಾಂಡ ಇಡೀ ಲೈನಿಗೆ. ಮದುವೆ ಹಾಲಿನಲ್ಲಿ ಆಗಬೇಕು, ಸತ್ತವರನ್ನು ವೆರಾಂಡದಲ್ಲೇ ಮಲಗಿಸಬೇಕು. ಯಾವ ವಿಷಯವಾದರೂ ವೆರಾಂಡದಲ್ಲಿ ನಿಂತು ಎಲ್ಲರ ಎದುರು ಬಾಯಲ್ಲಿ ಹೇಳಿದರೆ ಮುಗಿಯಿತು, ಕಾಗದ ಬೇಡ. ಹಾಗಾಗಿ ಖಾತಾ ಇನ್ನೂ ತೀರಿಹೋದ ಮುತ್ತಪ್ಪ ಮೇಸ್ತ್ರಿಯ ಹೆಸರಿನಲ್ಲೇ ಇತ್ತು.

ನಾನು ಫಾರಮ್ಮಿನಲ್ಲಿ "ಬಾಯಿಮಾತಿನ ಒಪ್ಪಿಗೆ ಪಡೆಯಲಾಗಿದೆ" ಎಂದು ಬರೆದು ಕೆಲಸ ಶುರು ಮಾಡಿದೆ.

ಹನ್ನೊಂದು ದಿನ ಅಳೆದೆ. ಮನೆ ಬಡವಾಗಿತ್ತು, ಆದರೆ ಗಟ್ಟಿಯಾಗಿತ್ತು. ಟೆರೇಸಿನ ನೀರು ಹೋಗುವ ಕೊಳವೆ ಕಟ್ಟಿಕೊಂಡು ಒಂದು ಮೂಲೆಯಲ್ಲಿ ಪಾಚಿ. ಎರಡು ತೊಲೆಗಳ ತುದಿಗೆ ಗೆದ್ದಲು. ಪಡುವಣ ಗೋಡೆಯಲ್ಲಿ ಕಿಟಕಿಯಿಂದ ಮೇಲಕ್ಕೆ ನಾಲ್ಕು ಮಿಲಿಮೀಟರ್ ಅಗಲದ ಒಂದು ಬಿರುಕು. ಬಿರುಕು ಕಂಡ ಕೂಡಲೇ ಹೆದರಬಾರದು, ಅದು ಇನ್ನೂ ಬೆಳೆಯುತ್ತಿದೆಯೋ ಇಲ್ಲವೋ ಎನ್ನುವುದಷ್ಟೇ ಮುಖ್ಯ. ಅದಕ್ಕೆ ನಮ್ಮಲ್ಲಿ ಟೆಲ್‌ಟೇಲ್ ಎಂಬ ಉಪಾಯ ಇದೆ. ಬಿರುಕಿಗೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಯಲ್ಲಿ ಗಾರೆಯಿಂದ ಕೂರಿಸುವುದು. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಗಾಜು ಒಡೆಯುತ್ತದೆ. ಮೂರು ಪಟ್ಟಿ ಕೂರಿಸಿದೆ. ಫೆಬ್ರವರಿಯಿಂದ ಮೇ ತಿಂಗಳವರೆಗೆ, ಏಪ್ರಿಲ್ಲಿನ ಗುಡುಗು ಮಳೆಯೂ ಸೇರಿ, ಒಂದೂ ಒಡೆಯಲಿಲ್ಲ. ಅಂದರೆ ಯಾವತ್ತೋ ಬಿಟ್ಟು, ಯಾವತ್ತೋ ನಿಂತುಹೋದ ಬಿರುಕು. ಜೂನ್ ಮೊದಲ ವಾರ ಬರೆದ ನನ್ನ ರಿಪೋರ್ಟಿನಲ್ಲಿ ಕಂಡೀಷನ್ 'ಫೇರ್', ಅಂದರೆ ಪರವಾಗಿಲ್ಲ, ಬಿರುಕು 'ಡಾರ್ಮೆಂಟ್', ಅಂದರೆ ನಿದ್ದೆ ಹೋದದ್ದು ಎಂದೇ ಇತ್ತು.

ಕೊಡುವ ಮೊದಲು ಅದನ್ನು ಸಮಿತಿಯ ಕಾರ್ಯದರ್ಶಿ ಮೂರ್ತಿಯವರಿಗೆ ತೋರಿಸಿದೆ. ಒಳ್ಳೆಯ ಮನುಷ್ಯ. ಹಳೆ ಮನೆಗಳ ಬಗ್ಗೆ ನಿಜವಾದ ಪ್ರೀತಿ ಇದ್ದವರು.

"ಫೇರ್ ಅಂತ ಬರೆದ್ರೆ ಈ ಫೈಲು ನನ್ನ ಟೇಬಲ್ ಮೇಲೇ ಮುದುಕ ಆಗತ್ತೆ ಮೇಡಂ" ಎಂದರು. "ರಿಪೇರಿ ಗ್ರ್ಯಾಂಟ್ ಸಿಗೋದು ಅರ್ಜೆಂಟ್ ಕೆಟಗರಿಗೆ ಮಾತ್ರ. ಸ್ವಲ್ಪ ಜೋರಾಗಿ ಬರೀರಿ. ನಿಮ್ಮ ಇಂಗ್ಲಿಷ್ ಚೆನ್ನಾಗಿದೆ, ನಿಮಗೆ ಹೇಳ್ಕೊಡ್ಬೇಕಾ?"

ನಮ್ಮ ವೃತ್ತಿಯಲ್ಲಿ ಇದು ಹೊಸದಲ್ಲ. ಉಳಿಸಬೇಕಾದ ಕಟ್ಟಡವನ್ನು ಕಾಗದದ ಮೇಲೆ ಸಾಯಿಸಿ ತೋರಿಸುವುದು ನಮ್ಮಲ್ಲಿ ಎಲ್ಲರೂ ಒಂದಲ್ಲ ಒಂದು ಸಲ ಮಾಡಿದ್ದೇವೆ. ನಾನೂ ಹಿಂದೆ ಎರಡು ಸಲ ಮಾಡಿ, ಎರಡು ಸಲವೂ ಗ್ರ್ಯಾಂಟ್ ತಂದಿದ್ದೆ. ಮನೆಗೆ ಬಂದು ಕೂತು 'ಡಾರ್ಮೆಂಟ್' ಹೊಡೆದು 'ಆಕ್ಟಿವ್ ಅಂಡ್ ಪ್ರೋಗ್ರೆಸಿವ್', ಅಂದರೆ ಇನ್ನೂ ಬೆಳೆಯುತ್ತಿರುವುದು, ಎಂದು ಹಾಕಿದೆ. 'ಫೇರ್' ಜಾಗದಲ್ಲಿ 'ಸ್ಟ್ರಕ್ಚರಲಿ ಅನ್‌ಸೇಫ್, ಇನ್ ಇಮಿನೆಂಟ್ ಡೇಂಜರ್ ಆಫ್ ಕೊಲ್ಯಾಪ್ಸ್', ಅಂದರೆ ಯಾವ ಕ್ಷಣದಲ್ಲಾದರೂ ಬೀಳುವಂಥದ್ದು. ವಾಕ್ಯ ಚೆನ್ನಾಗಿ ಬಂದಿದೆ ಅನ್ನಿಸಿತು. ಕಾನ್ವೆಂಟಿನ ಸಿಸ್ಟರ್‌ಗಳು ನಮ್ಮ ಕೈಯಲ್ಲಿ ಬರೆಸುತ್ತಿದ್ದ ಕಾಂಪೊಸಿಷನ್ನಿನ ಅಭ್ಯಾಸ. ಸಹಿ ಹಾಕಿ ಕೊಟ್ಟೆ. ಟೆಲ್‌ಟೇಲ್‌ಗಳ ನಾಲ್ಕು ತಿಂಗಳ ದಾಖಲೆಯನ್ನು ಲಗತ್ತಿಸಲಿಲ್ಲ.

ಆದರೆ ಒಂದು ಸಂಗತಿ ನಾನು ಯೋಚಿಸಿರಲಿಲ್ಲ. ಸಮಿತಿಯಿಂದ ಹೊರಡುವ ಪ್ರತಿ ರಿಪೋರ್ಟಿನ ಒಂದು ಪ್ರತಿ, ಮಾಹಿತಿಗಾಗಿ ಎಂದು, ಆ ವಾರ್ಡಿನ ಇಂಜಿನಿಯರ್ ಆಫೀಸಿಗೂ ಹೋಗುತ್ತದೆ. ಮೂವತ್ತಾರು ವರ್ಷದಿಂದ ನೋಡಿದ ಪದ್ಧತಿ. ಅಲ್ಲಿ ಅದನ್ನು ಯಾರೂ ಓದುವುದಿಲ್ಲ ಎಂದುಕೊಂಡಿದ್ದೆ.

ಆಗಸ್ಟ್ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಶೇಖರನ ಫೋನ್ ಬಂತು. ಅವನ ದನಿಯಲ್ಲಿ ಎಂದಿನ ತಮಾಷೆ ಇರಲಿಲ್ಲ. "ಮೇಡಂ, ಕಂಬಕ್ಕೆ ನೋಟೀಸ್ ಅಂಟ್ಸವ್ರೆ. ಏಳು ದಿನದಲ್ಲಿ ಖಾಲಿ ಮಾಡ್ಬೇಕಂತೆ, ಡೇಂಜರ್ ಬಿಲ್ಡಿಂಗ್ ಅಂತೆ, ಒಡೀತಾರಂತೆ. ಕೆಳಗಡೆ ನಿಮ್ಮ ಹೆಸ್ರು, ರಿಪೋರ್ಟ್ ನಂಬರ್ ಐತೆ. ನೀವೇ ಬರ್ದಿದ್ದಾ?"

ನಾನು ಹೋದಾಗ ಮರಗತಮ್ಮ ನನ್ನನ್ನು ವೆರಾಂಡದಲ್ಲಿ ಕೂರಿಸಲಿಲ್ಲ. ಸೀದಾ ಪಡುವಣ ಗೋಡೆಯ ಹತ್ತಿರ ಕರೆದುಕೊಂಡು ಹೋದರು. ಮೂರು ಗಾಜಿನ ಪಟ್ಟಿಗಳೂ ಹಾಗೇ ಇದ್ದವು. ಧೂಳು ಕೂರದಂತೆ ಅವರೇ ಒರೆಸಿಟ್ಟಿದ್ದರು.

"ಇದು ಒಡೆದ್ರೆ ಗೋಡೆ ಅಲುಗ್ತದೆ ಅಂತ ನೀನೇ ಹೇಳ್ಕೊಟ್ಟಿದ್ದು. ಒಡೆದದಾ?"

"ಇಲ್ಲಮ್ಮ."

"ಮನೆ ಬೀಳತ್ತಾ?"

"ಇಲ್ಲ."

"ಮತ್ತೆ ಬೀಳತ್ತೆ ಅಂತ ಯಾಕೆ ಬರ್ದೆ ಕಣ್ಣು?"

ಗ್ರ್ಯಾಂಟ್, ಕೆಟಗರಿ, ಮೂರ್ತಿಯವರ ಮಾತು, ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡು, "ನಮ್ಮ ಒಳ್ಳೇದಕ್ಕೆ ಅಂತ ಬರ್ದೆ" ಎಂದರು. ಕೋಪ ಇರಲಿಲ್ಲ. ನಾನು ಹೇಳಿದ್ದನ್ನೇ ಒಂದು ಸಲ ತಮ್ಮ ಬಾಯಲ್ಲಿ ಹೇಳಿ ನೋಡಿದಂತಿತ್ತು.

ಅಲ್ಲಿಂದ ನೇರ ವಾರ್ಡಿನ ಇಂಜಿನಿಯರ್ ಹತ್ತಿರ ಹೋದೆ. ಐವತ್ತರ ಮನುಷ್ಯ, ಮರ್ಯಾದೆಯಿಂದ ಕೂರಿಸಿ ಕಾಫಿ ತರಿಸಿದರು. "ಹೋದ ವರ್ಷ ಮಳೇಲಿ ಒಂದು ಹಳೇ ಗೋಡೆ ಬಿದ್ದು ಇಬ್ರು ಹೋದ್ರು ಮೇಡಂ. ಸಸ್ಪೆಂಡ್ ಆಗಿದ್ದು ನನ್ನ ಪಕ್ಕದ ವಾರ್ಡಿನೋನು. ಎಕ್ಸ್‌ಪರ್ಟ್ ಒಬ್ರು ಇಮಿನೆಂಟ್ ಡೇಂಜರ್ ಅಂತ ಬರೆದು ಕಳ್ಸಿದ್ಮೇಲೆ ನಾನು ಸುಮ್ನೆ ಕೂತ್ಕೊಂಡ್ರೆ? ನೋಡಿ, ಎರಡು ದಾರಿ ಇದೆ. ನಿಮ್ಮ ರಿಪೋರ್ಟ್ ತಪ್ಪು ಅಂತ ನೀವು ಬರೆದುಕೊಡಿ, ಇವತ್ತೇ ನೋಟೀಸ್ ವಾಪಸ್ ತಗೋತೀನಿ. ಇಲ್ಲ, ಮನೆಯವರು ಸಹಿ ಹಾಕಿ ತಕರಾರು ಅರ್ಜಿ ಕೊಡ್ಲಿ."

ಈಗ ಬರೆಯುತ್ತಿರುವುದನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಮೊದಲನೆಯ ದಾರಿ ನನ್ನ ಕೈಯಲ್ಲೇ ಇತ್ತು. ಮಂಗಳವಾರ ನಾನು ಒಂದು ಪುಟದ ಪತ್ರ ಕೊಟ್ಟೆ. "ಆನ್ ಫರ್ದರ್ ಕನ್ಸಿಡರೇಷನ್" ಎಂದು ಶುರುವಾಗಿ, "ಕಂಟಿನ್ಯೂಡ್ ಮಾನಿಟರಿಂಗ್ ಮೇ ಬಿ ಅಡ್ವೈಸಬಲ್" ಎಂದು ಮುಗಿಯುವ ಪತ್ರ. ಸುಳ್ಳು ಬರೆದೆ ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಲೈಸೆನ್ಸ್ ಹೋಗುತ್ತದೆ, ಹಿಂದಿನ ಎರಡು ರಿಪೋರ್ಟುಗಳನ್ನೂ ಕೆದಕುತ್ತಾರೆ, ಮೂವತ್ತಾರು ವರ್ಷದ ಹೆಸರು ಹೋಗುತ್ತದೆ ಎಂಬ ಹೆದರಿಕೆ. ನನ್ನ ಇಂಗ್ಲಿಷ್‌ನ ಹಿಂದೆ ನಾನು ಬಚ್ಚಿಟ್ಟುಕೊಂಡೆ.

ಇಂಜಿನಿಯರ್ ಎರಡು ಸಲ ಓದಿದರು. "ತಪ್ಪು ಅಂತ ಇದ್ರಲ್ಲಿ ಎಲ್ಲಿದೆ ಮೇಡಂ? ಮಾನಿಟರ್ ಮಾಡ್ಬೇಕು ಅಂದ್ರೆ ಬೀಳಬಹುದು ಅಂತಾನೇ ತಾನೆ? ಇದನ್ನ ಇಟ್ಕೊಂಡು ನಾನೇನು ಮಾಡ್ಲಿ?"

ಇನ್ನು ಉಳಿದದ್ದು ಎರಡನೆಯ ದಾರಿ. ಬುಧವಾರ ಸಂಜೆ ಲೈನಿನವರೆಲ್ಲ ವೆರಾಂಡದಲ್ಲಿ ಸೇರಿದರು. ಇಪ್ಪತ್ತೆರಡು ಕುಟುಂಬಗಳಲ್ಲಿ ಹದಿನೇಳು ಇನ್ನೂ ಅಲ್ಲೇ ಇದ್ದವು. ಶೇಖರ ಅರ್ಜಿ ಬರೆಸಿ ತಂದಿದ್ದ. ಅದನ್ನು ಓದಿ ಮುಗಿಸಿದ ಮೇಲೆ ಯಾರೂ ಪೆನ್ನಿಗೆ ಕೈ ಹಾಕಲಿಲ್ಲ. ಒಬ್ಬ ಮುದುಕರು ಎದ್ದು, "ಮೇಸ್ತ್ರಿ ಮಾತು ಮುರಿಯೋದಾ?" ಎಂದು ಕೇಳಿದರು.

"ಮೇಸ್ತ್ರಿ ಮಾತು ಇರೋದು ಮನೇಗೋಸ್ಕರ" ಎಂದರು ಮರಗತಮ್ಮ. "ಮನೆ ಹೋದ್ಮೇಲೆ ಮಾತನ್ನ ಇಟ್ಕೊಂಡು ಎಲ್ಲಿ ನೇತು ಹಾಕ್ತೀಯಾ ಅಣ್ಣಾ? ನಿನ್ನ ಮೀಸೆಗಾ?"

ಯಾರೋ ನಕ್ಕರು. ಮರಗತಮ್ಮ ನಗಲಿಲ್ಲ. ಸ್ಟ್ಯಾಂಪ್ ಪ್ಯಾಡ್ ಕೇಳಿದರು. ಶೇಖರ ತಡೆದ. "ಅತ್ತೆ, ನಿಂಗೆ ಸೈನ್ ಬರತ್ತಲ್ಲ. ಡೈಲಿ ಆಸ್ಪತ್ರೆ ರಿಜಿಸ್ಟರಲ್ಲಿ ಹಾಕ್ತಿದ್ಯಲ್ಲ."

"ಅದು ಡ್ಯೂಟಿಗೆ. ಇದು ನಮ್ಮೋರು ಒತ್ತಿ ಕೆಟ್ಟಿದ್ದು. ಒತ್ತೋದಾದ್ರೆ ಅದನ್ನೇ ಒತ್ತೀನಿ."

ಹೆಬ್ಬೆಟ್ಟು ಇಟ್ಟು, ಒಂದು ಕ್ಷಣ ಎತ್ತದೆ ಹಾಗೇ ಅದುಮಿ ಹಿಡಿದರು. ಅವರ ಹಿಂದೆ ಉಳಿದ ಹದಿನಾರು ಮನೆಯವರು ಸಾಲಾಗಿ ಬಂದರು. ಸಹಿ ಬರುವವರೂ, ಡಿಗ್ರಿ ಓದಿದವರೂ ಹೆಬ್ಬೆಟ್ಟನ್ನೇ ಒತ್ತಿದರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಇಷ್ಟು ಜನ ಒಂದು ಶತಮಾನಕ್ಕೂ ಮೀರಿ ಕಾಪಾಡಿಕೊಂಡು ಬಂದದ್ದನ್ನು ನಾನು ಒಂದು ವಾಕ್ಯ ಬರೆಯಲು ಹೆದರಿದ್ದಕ್ಕಾಗಿ ಬಿಟ್ಟುಕೊಡುತ್ತಿದ್ದರು. ಅದು ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ.

ಶುಕ್ರವಾರ ಮಧ್ಯಾಹ್ನ ಅರ್ಜಿ ವಜಾ ಆಯಿತು. ಕಾರಣ ಎರಡು. ಅರ್ಜಿದಾರರಲ್ಲಿ ಯಾರಿಗೂ ಕಟ್ಟಡದ ಮೇಲಿನ ಹಕ್ಕು ತೋರಿಸುವ ಪತ್ರ ಇಲ್ಲ. ತಜ್ಞರ ಲಿಖಿತ ಅಭಿಪ್ರಾಯವನ್ನು ತಾಂತ್ರಿಕ ಜ್ಞಾನ ಇಲ್ಲದವರ ಹೇಳಿಕೆಯಿಂದ ತಳ್ಳಿಹಾಕಲು ಬರುವುದಿಲ್ಲ. ತಜ್ಞರು ಎಂದರೆ ನಾನು.

ಶೇಖರ ವಿಷಯ ಹೇಳಿದ ಅರ್ಧ ಗಂಟೆಯಲ್ಲಿ ನಾನು ಇಂಜಿನಿಯರ್ ಎದುರು ಕೂತಿದ್ದೆ. ಅವರ ಟೇಬಲ್ಲಿನ ಮೇಲಿದ್ದ ಬಿಳಿ ಹಾಳೆ ಎಳೆದುಕೊಂಡು ಕನ್ನಡದಲ್ಲಿ ಬರೆದೆ: 'ಈ ಮನೆ ಗಟ್ಟಿಯಾಗಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಪಾಯದಲ್ಲಿದೆ ಎಂದು ಸುಳ್ಳು ಬರೆದೆ.' ಟೆಲ್‌ಟೇಲ್ ದಾಖಲೆ ಲಗತ್ತಿಸಿದೆ. ಸಹಿ ಹಾಕಲು ಎರಡು ಕ್ಷಣವೂ ಹಿಡಿಯಲಿಲ್ಲ. ಅಷ್ಟು ಸುಲಭದ ಕೆಲಸವಾಗಿತ್ತು ಅದು.

ಅವರು ಓದಿ, ಹಾಳೆಯನ್ನು ಫೈಲಿಗೆ ಸೇರಿಸಿದರು. "ಇದನ್ನ ಮಂಗಳವಾರ ಕೊಟ್ಟಿದ್ರೆ ಸಾಕಾಗಿತ್ತಲ್ಲ ಮೇಡಂ. ಈಗ ಆರ್ಡರ್ ಆಗ್ಹೋಗಿದೆ. ರದ್ದು ಮಾಡೋ ಪವರ್ ನಂಗಿಲ್ಲ, ಮೇಲಿನ ಆಫೀಸಿಗೆ ಅಪೀಲ್ ಹೋಗ್ಬೇಕು."

ಮೇಲಿನ ಆಫೀಸಿಗೆ ಓಡಿದೆ. ಸಾಹೇಬರು ಹೊರಟುಹೋಗಿದ್ದರು. ಮರುದಿನ ಎರಡನೇ ಶನಿವಾರ, ಅದರ ಮರುದಿನ ಭಾನುವಾರ. ಸೋಮವಾರ ಆಫೀಸು ತೆರೆಯುವುದು ಹತ್ತೂವರೆಗೆ. ಫ್ರೀಮೆನ್ ಲೈನಿಗೆ ಜೆಸಿಬಿ ಬಂದದ್ದು ಎಂಟೂವರೆಗೆ. ಅಷ್ಟು ಅವಸರ ಯಾಕಿತ್ತು, ಆ ಜಾಗದ ಮೇಲೆ ಯಾರ ಕಣ್ಣಾದರೂ ಇತ್ತೇ, ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ.

ಹನ್ನೊಂದಕ್ಕೆ ಮುಗಿಯುತ್ತದೆ ಎಂದುಕೊಂಡಿದ್ದ ಕೆಲಸ ಸಂಜೆ ನಾಲ್ಕರವರೆಗೆ ಎಳೆಯಿತು. ಮಂಕಿ ಟಾಪ್‌ಗಳು ಮೊದಲ ಹೊಡೆತಕ್ಕೇ ಪುಡಿಯಾದವು. ಪಡುವಣ ಗೋಡೆ ಮಾತ್ರ ಬೀಳಲಿಲ್ಲ. ಬಕೆಟ್ ತಗುಲಿಸಿ ಎಳೆದರೆ ಇಡೀ ಯಂತ್ರವೇ ಮುಂದಕ್ಕೆ ವಾಲುತ್ತಿತ್ತು. ಮಧ್ಯಾಹ್ನ ಆಪರೇಟರ್ ಇಳಿದು ಬಂದು ಬೆವರು ಒರೆಸಿಕೊಂಡು, ಅಲ್ಲಿ ನಿಂತವರನ್ನು ಕೇಳಿದ. "ಯಾವೋನ್ ಗುರು ಇದನ್ನ ವೀಕ್ ಅಂದೋನು? ಬಕೆಟ್ ಹಲ್ಲೇ ಕಿತ್ಕೊಂಡ್ಹೋಯ್ತು!"

ಶೇಖರ ನನ್ನ ಪಕ್ಕದಲ್ಲೇ ನಿಂತಿದ್ದ, ನನ್ನ ಕಡೆ ನೋಡಲಿಲ್ಲ. ಎದುರು ಮನೆಯ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮರಗತಮ್ಮ ಬೆಳಿಗ್ಗೆಯಿಂದ ಕೂತಿದ್ದರು. ಗೋಡೆ ಬಿದ್ದಾಗ ಎದ್ದು ಒಳಗೆ ಹೋದರು.

ಸೆಪ್ಟೆಂಬರಿನಲ್ಲಿ ಸಮಿತಿಯಿಂದ ಪತ್ರ ಬಂತು. ಫ್ರೀಮೆನ್ ಲೈನಿನ ಮನೆಗೆ ಅರ್ಜೆಂಟ್ ಕೆಟಗರಿಯಲ್ಲಿ ರಿಪೇರಿ ಗ್ರ್ಯಾಂಟ್ ಮಂಜೂರಾಗಿದೆ ಎಂದು. ಮೂರ್ತಿಯವರು ಫೋನಿನಲ್ಲಿ ಅತ್ತರು. ನನ್ನ ಮೇಲೆ ವಿಚಾರಣೆ ಆಗಲಿ ಎಂದು ನಾನೇ ಬರೆದುಕೊಂಡೆ. 'ಕಟ್ಟಡ ಅಸ್ತಿತ್ವದಲ್ಲಿಲ್ಲದ ಕಾರಣ ವಿಷಯ ಮುಕ್ತಾಯಗೊಳಿಸಲಾಗಿದೆ' ಎಂದು ಉತ್ತರ ಬಂತು. ಲೈಸೆನ್ಸನ್ನು ನಾನೇ ಹಿಂದಿರುಗಿಸಿದೆ.

ಮುಂದಿನ ವರ್ಷ ಮಾರ್ಚಿನಲ್ಲಿ ಮರಗತಮ್ಮನನ್ನು ನೋಡಲು ಹೋದೆ. ಟಿನ್ ಫ್ಯಾಕ್ಟರಿ ಹತ್ತಿರ ಶೇಖರ ಮಾಡಿದ ಬಾಡಿಗೆ ಮನೆ, ಎರಡನೇ ಮಹಡಿ. ಕೆಳಗೆ ಬಸ್ಸುಗಳ ಹಾರನ್ ನಿಲ್ಲುವುದೇ ಇಲ್ಲ. ಬಾಗಿಲಲ್ಲಿ ನನ್ನನ್ನು ನೋಡಿ ಒಳಗೆ ಕರೆದರು.

"ನಿನ್ ಮೇಲೆ ಕೋಪ ಇಲ್ಲ ಅಂತ ಸುಳ್ಳು ಹೇಳಕ್ಕಾಗಲ್ಲ" ಎಂದರು. "ಟೀ ಕುಡಿ."

ಕುಡಿದೆ. ಲೈನಿನ ಸುದ್ದಿ ಹೇಳಿದರು. ಜಾಗಕ್ಕೆ ತಗಡಿನ ಬೇಲಿ ಹಾಕಿದ್ದಾರೆ. ಮದುವೆಗೆ ರಸ್ತೆಯಲ್ಲಿ ಶಾಮಿಯಾನ ಹಾಕುತ್ತಾರೆ, ಸತ್ತವರನ್ನು ಸಂದಿನಲ್ಲೇ ಬೆಂಚಿನ ಮೇಲೆ ಮಲಗಿಸುತ್ತಾರೆ. ಅದನ್ನೆಲ್ಲ ಅವರು ತಾಳಿಕೊಂಡಂತೆಯೇ ಹೇಳಿದರು. ತಾಳಲಾಗದ್ದು ಬೇರೆ ಇತ್ತು.

"ನಮ್ಮ ಹುಡುಗ್ರು ಏನಂತಾರೆ ಗೊತ್ತಾ? ಹಳೇ ಮನೆ ಅಜ್ಜಿ, ಹೆಂಗೂ ಬೀಳೋದೇ ಇತ್ತು, ಇಂಜಿನಿಯರಮ್ಮ ಬರ್ದಿದಾರಲ್ಲ ಅಂತಾರೆ. ಮೇಸ್ತ್ರಿ ಕಟ್ಟಿದ್ದು ಪೊಳ್ಳು ಅಂದಂಗಾಯ್ತಲ್ಲ. ನಾನು ಹೇಳಿದ್ರೆ ಮುದುಕಿ ಅಂತಾರೆ. ನೀನು ಬಂದು ಹೇಳು."

ಅದರ ಮುಂದಿನ ಭಾನುವಾರ ಹೋದೆ. ತಗಡಿನ ಬೇಲಿಯ ಮುಂದೆ ಹನ್ನೊಂದು ಜನ ನಿಂತಿದ್ದರು, ಹೆಚ್ಚಿನವರು ಮೂವತ್ತರೊಳಗಿನವರು. ಬಾಯಲ್ಲೇ ಹೇಳಿದೆ. ಕೆಲವರು ನಂಬಿದರು. ಒಬ್ಬಳು, "ಆಂಟಿ, ಹಾಗಾದ್ರೆ ಆ ರಿಪೋರ್ಟ್ ಇನ್ನೂ ಫೈಲಲ್ಲಿ ಇದ್ಯಲ್ಲ?" ಎಂದು ಕೇಳಿದಳು. ಇದೆ. ಅದನ್ನು ಹೊರಗೆ ತೆಗೆಸಲು ನಾನು ಈವರೆಗೂ ಅಲೆಯುತ್ತಿದ್ದೇನೆ. ಮನೆ ಹೋಯಿತು, ನನ್ನ ಸುಳ್ಳಿಗೆ ಮಾತ್ರ ಈಗಲೂ ಒಂದು ನಂಬರ್ ಇದೆ, ಸೀಲ್ ಇದೆ.

ಈಗ ಯುವ ಆರ್ಕಿಟೆಕ್ಟ್‌ಗಳು ಬಂದು ಫೈಲು ಮುಂದೆ ಹೋಗಲು ಹೇಗೆ ಬರೆಯಬೇಕು ಮೇಡಂ ಎಂದು ಕೇಳುತ್ತಾರೆ. ಕಂಡದ್ದನ್ನು ಕಂಡಷ್ಟೇ ಬರೆಯಿರಿ, ಫೈಲು ಹೋಗದಿದ್ದರೆ ಹೋಗದಿರಲಿ ಎನ್ನುತ್ತೇನೆ. ನೀವು ಬರೆದದ್ದನ್ನು ನೀವು ಅಂದುಕೊಂಡವರೇ ಓದುತ್ತಾರೆ ಎಂದು ನಂಬಬೇಡಿ. ತಪ್ಪಾದರೆ ಮೊದಲ ದಿನವೇ, ಮೊದಲ ವಾಕ್ಯದಲ್ಲೇ, ತಪ್ಪು ಎಂಬ ಶಬ್ದವನ್ನೇ ಬಳಸಿ ಒಪ್ಪಿಕೊಳ್ಳಿ. ಇದನ್ನು ಕಲಿಯಲು ನನಗೆ ಇನ್ನೊಬ್ಬರ ಮನೆ ಬೇಕಾಯಿತು.

ಮರಗತಮ್ಮ ಹೋದ ವರ್ಷ ತೀರಿಕೊಂಡರು. ಹನ್ನೊಂದು ಜನಕ್ಕೆ ಹೇಳಿದ್ದು ಸಾಲದು ಎನ್ನಿಸಿ ಇದನ್ನು ಬರೆದಿದ್ದೇನೆ. ಮುತ್ತಪ್ಪ ಮೇಸ್ತ್ರಿ ಕಟ್ಟಿದ ಮನೆ ಗಟ್ಟಿಯಾಗಿತ್ತು. ಅದು ಬೀಳುತ್ತಿರಲಿಲ್ಲ.